ಮೂಗಿನ ರುಫೀನಾ

ಸಾನ್ ತೆಲ್ಮೊ ಊರಿನಲ್ಲಿ ಯಾವ ಕೆತ್ತನೆಯ ಅಂಗಡಿಗೆ ಹೋಗಿ ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು. ಸಂತರ ಕೈಕಾಲು ಬೇಕಾದರೆ ಯಾರಲ್ಲಾದರೂ ಮಾಡಿಸಿಕೊಳ್ಳಿ, ಮೂಗು ಬೇಕಾದರೆ ಮಾತ್ರ ರುಫೀನಾ ಮಲಬನನ್ ಮನೆಗೆ ಹೋಗಿ.

ಲಗುನಾ ಸರೋವರದ ದಂಡೆಯ ಆ ಊರಲ್ಲಿ ಅರ್ಧ ಜನ ಉಳಿ ಹಿಡಿದವರು, ಇನ್ನರ್ಧ ಜನ ಬಾತುಕೋಳಿ ಸಾಕಿದವರು. ರುಫೀನಾಳ ಮನೆಯಲ್ಲಿ ಎರಡೂ ಇತ್ತು. ಜಗಲಿಯಲ್ಲಿ ಅವಳ ಉಳಿ, ಹಿತ್ತಲಲ್ಲಿ ಗಂಡ ನಿಕಾನೋರನ ಬಾತುಕೋಳಿ. ಗಿರಾಕಿಗಳು ಬಂದಾಗ ಬಾತುಗಳ ಗದ್ದಲದಲ್ಲಿ ಮಾತು ಕೇಳಿಸದೆ ಸಂತರ ಅಳತೆಯನ್ನು ಕೈಸನ್ನೆಯಲ್ಲೇ ಹೇಳಬೇಕಾಗುತ್ತಿತ್ತು.

ಮೂಗಿನ ಸಹವಾಸ ರುಫೀನಾಳಿಗೆ ಹುಟ್ಟಿನಿಂದಲೇ ಬಂದದ್ದು. ಅವಳ ತಾಯಿ ದಿನಾ ಬೆಳಗ್ಗೆ ಎರಡು ಬೆರಳಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಮಗಳ ಚಪ್ಪಟೆ ಮೂಗನ್ನು ಬುಡದಿಂದ ತುದಿಯವರೆಗೆ ಹಿಂಡಿ ಹಿಂಡಿ ಎಳೆಯುತ್ತಿದ್ದಳು. ಆ ಊರಲ್ಲಿ ಎಲ್ಲ ತಾಯಂದಿರೂ ಎಲ್ಲ ಮಕ್ಕಳಿಗೂ ಮಾಡುತ್ತಿದ್ದದ್ದು ಅದೇ. ಹಾಗೆ ಎಳೆದು ಎದ್ದು ನಿಂತ ಮೂಗನ್ನು ಯಾರೂ ಕಂಡಿರಲಿಲ್ಲ. ಆದರೂ ಯಾರೂ ಎಳೆಯುವುದನ್ನು ಬಿಟ್ಟಿರಲಿಲ್ಲ.

ಅಪ್ಪ ಅಂಬ್ರೋಸಿಯೊ ಒಳ್ಳೆಯ ಕೆತ್ತನೆಗಾರ. ಮರದ ತುಂಡು ಮುಂದಿಟ್ಟುಕೊಂಡರೆ ಅವನು ಹೇಳುವ ಮೊದಲ ಮಾತು, "ಮೊದ್ಲು ಮೂಗಿಗೆ ಮರ ಬಿಡು." ಅದನ್ನು ಅವನಿಗೆ ಹೇಳಿಕೊಟ್ಟವನು ಅವನ ಅಪ್ಪ. ಆ ಅಪ್ಪನಿಗೆ ಹೇಳಿಕೊಟ್ಟವರ ಹಿಂದೆ, ಎಲ್ಲಕ್ಕಿಂತ ಹಿಂದೆ, ಕೈಯಲ್ಲಿ ಚಿತ್ರದ ಹಾಳೆ ಹಿಡಿದು ನಿಂತ ಯಾರೋ ಸ್ಪೇನಿನ ಪಾದ್ರಿ ಇದ್ದಿರಬೇಕು. ಸ್ಪೇನಿನವರು ಮುನ್ನೂರು ಚಿಲ್ಲರೆ ವರ್ಷ ಆಳಿ ಹೊರಟುಹೋಗಿದ್ದರು. ಅವರಲ್ಲಿ ಒಬ್ಬನನ್ನಾದರೂ ಕಣ್ಣಾರೆ ಕಂಡವರು ಊರಲ್ಲಿ ಉಳಿದಿರಲಿಲ್ಲ. ಅವರ ನೆಟ್ಟಗಿನ, ಚೂಪು ಮೂಗು ಮಾತ್ರ ಪೀಠದ ಮೇಲೆ, ಮೆರವಣಿಗೆಯಲ್ಲಿ, ಮನೆಮನೆಯ ದೇವರ ಗೂಡಿನಲ್ಲಿ ಹಾಗೇ ನಿಂತಿತ್ತು.

ಹೆಣ್ಣುಮಕ್ಕಳಿಗೆ ಉಳಿ ಕೊಡುವ ಪದ್ಧತಿ ಇರಲಿಲ್ಲ. ಮರಳು ಕಾಗದ ಉಜ್ಜುವುದು, ಬಣ್ಣ ಕಲಸುವುದು ಅಷ್ಟೇ ಅವರ ಪಾಲು. ರುಫೀನಾಳಿಗೆ ಹತ್ತೊಂಬತ್ತು ತುಂಬಿದ ವರ್ಷ ಅಪ್ಪನ ಕೈ ನಡುಗತೊಡಗಿತು. ಒಂದು ಮಧ್ಯಾಹ್ನ ಅವನು ಊಟಕ್ಕೆ ಎದ್ದು ಹೋದಾಗ, ಅರ್ಧಕ್ಕೆ ನಿಂತಿದ್ದ ಸಂತ ರೋಕನ ಮೂಗನ್ನು ಅವಳು ಕೆತ್ತಿ ಮುಗಿಸಿದಳು. ಅಪ್ಪ ಬಂದು ನೋಡಿದ, ಹೆಬ್ಬೆರಳಿನಿಂದ ಸವರಿದ. ಮರುದಿನ ತನ್ನ ಎಲ್ಲಕ್ಕಿಂತ ಸಣ್ಣ ಉಳಿಯನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟು ಬಾತುಮೊಟ್ಟೆ ಒಡೆಯುತ್ತ ಕುಳಿತ.

ಆ ಉಳಿ ಹಿಡಿದು ಮೂವತ್ತೈದು ವರ್ಷವಾಗಿತ್ತು. ಈಗ ಐವತ್ತನಾಲ್ಕರ ರುಫೀನಾ ಊರಿನವರ ಬಾಯಲ್ಲಿ "ಆಲಿಂಗ್ ಪಿನಾ", ಎಂದರೆ ಪಿನಾಕ್ಕ. ಬೇರೆ ಕೆತ್ತನೆಗಾರರೂ ಮುಖವೆಲ್ಲ ತಾವು ಮಾಡಿ ಮೂಗಿಗೆ ಮಾತ್ರ ಅವಳಲ್ಲಿಗೆ ಕಳಿಸುತ್ತಿದ್ದರು.

"ಊರಿಗೆಲ್ಲ ಮೂಗು ಕೊಟ್ಟೆ. ನಿನಗೊಂದು ಇಟ್ಕೊಳ್ಳೋಕೆ ಮರ ಸಾಲ್ಲಿಲ್ವೇನೆ?" ಎಂದು ನಿಕಾನೋರ್ ಕೆಣಕುತ್ತಿದ್ದ.

"ಇಟ್ಕೊಂಡಿದ್ರೆ ನಿನ್ನ ಬಾತುಕೋಳಿ ವಾಸ್ನೆ ಇನ್ನೂ ಚೆನ್ನಾಗಿ ಬರ್ತಿತ್ತು. ಇಷ್ಟೇ ಸಾಕು," ಎನ್ನುತ್ತಿದ್ದಳು ಅವಳು.

ಆ ವರ್ಷ ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಮರುದಿನ ದೋನ್ಯಾ ಕೊನ್ಸಿಂಗ್ ತಾವೇ ಬಂದರು. ಬೆನಾವಿದೆಸ್ ಮನೆತನದ ಹಿರಿಯ ಹೆಂಗಸು ಅವರು; ದೋನ್ಯಾ ಎಂದರೆ ದೊಡ್ಡ ಮನೆಯ ಅಮ್ಮನವರು. ಈಸ್ಟರ್ ಮುಂಜಾನೆಯ ಮೆರವಣಿಗೆಯಲ್ಲಿ ಹೊರಡುವ ಮಾತೆ ಮರಿಯಾಳ ವಿಗ್ರಹ ಅವರ ಮನೆಯದು. ಅದಕ್ಕೆ ಉಡಿಸುವ, ತೊಡಿಸುವ ಹಕ್ಕು ಆರು ತಲೆಮಾರಿನಿಂದ ಆ ಮನೆಯ ಹೆಂಗಸರದು. ವಿಗ್ರಹಕ್ಕೆ ಕೆತ್ತಿದ್ದು ತಲೆ ಮತ್ತು ಎರಡು ಕೈ ಮಾತ್ರ. ಉಳಿದದ್ದು ಹಲಗೆಯ ಚೌಕಟ್ಟು, ಅದರ ಮೇಲೆ ರೇಷ್ಮೆ. ದೋನ್ಯಾ ಆ ತಲೆಯನ್ನು ಬಿಳಿ ಶಾಲಿನಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದಿದ್ದರು.

ದೋನ್ಯಾ ಯಾರೊಂದಿಗೆ ಮಾತಾಡಿದರೂ ಮುಖವನ್ನು ಸ್ವಲ್ಪ ಒಂದು ಕಡೆಗೆ ವಾರೆ ಮಾಡಿಯೇ ಮಾತಾಡುವವರು. ಫೋಟೋ ತೆಗೆಸಿದರೂ ಹಾಗೇ. ನಡುನಡುವೆ ಮೂಗಿಗೆ ಪೌಡರ್ ಒತ್ತಿಕೊಳ್ಳುತ್ತಿದ್ದರು.

"ಹೋದ ಪ್ರವಾಹದಲ್ಲಿ ಕೆಳಗಿನ ಕೋಣೆಗೆ ನೀರು ಬಂತಲ್ಲ, ಆಮೇಲೆ ಗೆದ್ದಲು ಹಿಡಿದಿದೆ ಪಿನಾ. ಮೂಗಿನ ತುದಿ ನೋಡು," ಎಂದರು. "ಸರಿ ಮಾಡು. ಆದ್ರೆ ನೆನಪಿರ್ಲಿ, ಇದು ಇಲ್ಲಿಯ ಕೆಲಸ ಅಲ್ಲ. ಸಮುದ್ರದಾಚೆ ಅಕಾಪುಲ್ಕೊದಿಂದ ಸ್ಪೇನಿನವರ ಹಡಗಲ್ಲಿ ಬಂದಿದ್ದು."

"ಆಗ್ಲಿ ದೋನ್ಯಾ."

"ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಆಗ್ಬಾರ್ದು."

"ಆಗ್ಲಿ."

ಮೂರನೆಯ ದಿನ ರುಫೀನಾ ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಮೂಗಿನ ಸುತ್ತಲಿನ ಹಳೆಯ ಕೊಳೆಯನ್ನು ಮೆತ್ತಗೆ ಒರೆಸುತ್ತಿದ್ದಳು. ಒಂದು ಸಣ್ಣ ಸದ್ದಾಯಿತು. ಮಾತೆಯ ಮೂಗು ಬುಡಸಮೇತ ಕಳಚಿ ಅವಳ ಅಂಗೈಗೆ ಬಿತ್ತು.

ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ರವಿಕೆಯೊಳಗೆ ತುರುಕಿಕೊಂಡಳು. ಬಾಗಿಲು ಹಾಕಿ ಬಂದಳು. ಆಮೇಲೆ ವಿಗ್ರಹದ ಮುಂದೆ ಮೊಣಕಾಲೂರಿ, ಪ್ರಾರ್ಥನೆ ಯಾವುದೂ ನೆನಪಾಗದೆ ಸುಮ್ಮನೆ ಕುಳಿತಳು.

ನಿಕಾನೋರ್ ಬಂದವನು ಹೆಂಡತಿಯ ಮುಖ ನೋಡಿ ಗಾಬರಿಯಾದ. "ಏನಾಯ್ತೆ?"

"ತಾಯಿ ಮೂಗು ಮುರಿದೆ."

"ಯಾರ ತಾಯಿದು?"

"ದೇವರ ತಾಯಿದು ಕಣೋ!"

ಅವನು ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದ. ಒಂದು ಗಳಿಗೆ ಯೋಚಿಸಿ ಹೇಳಿದ, "ಹಂಗಾದ್ರೆ ಇವತ್ತು ರಾತ್ರಿನೇ ಬಾತುಕೋಳಿ ಸಮೇತ ಊರು ಬಿಡೋಣ."

ನಗು ಬರದಿದ್ದರೂ ಆ ಮಾತಿನಿಂದ ರುಫೀನಾಳಿಗೆ ಉಸಿರು ಬಂತು. ಮೂಗನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಅದು ಮರವೇ ಅಲ್ಲ. ಮರದ ಹೊಟ್ಟು, ಸುಣ್ಣದ ಪುಡಿ, ಚರ್ಮದ ಅಂಟು ಕಲಸಿ ತಟ್ಟಿದ ಮುದ್ದೆ. ಗೆದ್ದಲು ತಿಂದಿದ್ದದ್ದು ಅದರೊಳಗಿನ ಹೊಟ್ಟನ್ನು. ಮುಖದ ಕಡೆ ತಿರುಗಿದಳು. ಮೂಗು ಕಳಚಿದ ಜಾಗದಲ್ಲಿ ಗಾಯ ಇರಲಿಲ್ಲ, ಹಳ್ಳ ಇರಲಿಲ್ಲ. ಅಲ್ಲಿ ಇನ್ನೊಂದು ಮೂಗು ಇತ್ತು.

ಗಿಡ್ಡ ಮೂಗು. ಬುಡದಲ್ಲಿ ತಗ್ಗಿ, ತುದಿಯಲ್ಲಿ ದುಂಡಗಾಗಿ, ಎರಡೂ ಕಡೆ ಅಗಲವಾಗಿ ಹರಡಿದ ಮೂಗು. ಉಳಿಯ ಗುರುತು ಒಂದೂ ಕಾಣದಂತೆ ನಯವಾಗಿ ಉಜ್ಜಿ, ಅದರ ಮೇಲೆ ಮಣ್ಣಿನ ಕಂದು ಬಣ್ಣ ಹಚ್ಚಿ, ಮೊಟ್ಟೆಯ ಬಿಳಿ ಕೊಟ್ಟು ಹೊಳಪು ತಂದಿದ್ದರು. ಅರ್ಧ ಮಾಡಿ ಬಿಟ್ಟ ಕೆಲಸಕ್ಕೆ ಯಾರೂ ಹೊಳಪು ಕೊಡುವುದಿಲ್ಲ. ಕೆತ್ತಿದವನು ಹೀಗೇ ಕೆತ್ತಿ, ಹೀಗೇ ಮುಗಿಸಿದ್ದ. ಉಳಿದದ್ದನ್ನು ಬೇರೆ ಯಾರೋ ಆಮೇಲೆ ಅಂಟಿಸಿದ್ದರು.

ಅವಳು ಕುತ್ತಿಗೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕೂದಲಷ್ಟು ತೆಳ್ಳಗೆ ಮರ ಹೆರೆದು ಮೂಸಿದಳು. ನಿಕಾನೋರನ ಮೂಗಿಗೂ ಹಿಡಿದಳು.

"ಬಾತಿಕುಲಿಂಗ್," ಎಂದ ಅವನು. ಕೆತ್ತನೆಯವರ ಊರಲ್ಲಿ ಹುಟ್ಟಿದ ಬಾತುಕೋಳಿಯವನಿಗೂ ಆ ವಾಸನೆ ಗೊತ್ತು. ಊರ ಹಿಂದಿನ ಬೆಟ್ಟದಲ್ಲಿ ಬೆಳೆಯುವ ಮರ ಅದು.

"ಅಕಾಪುಲ್ಕೊದಲ್ಲಿ ಬಾತಿಕುಲಿಂಗ್ ಎಲ್ಲಿಂದ ಬಂತೋ?" ಎಂದಳು ರುಫೀನಾ.

ಮುಂದಿನ ನಾಲ್ಕು ವಾರ ಅವಳು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಗುಲಾಬಿ ಬಣ್ಣವನ್ನು ಉಗುರಿನಷ್ಟಗಲ ಉಗುರಿನಷ್ಟಗಲವಾಗಿ ಬಿಡಿಸಿದಳು. ಅಡಿಯಲ್ಲಿ ಮುಖವೆಲ್ಲ ಅದೇ ಕಂದು ಬಣ್ಣ. ಗಲ್ಲದ ಮೂಳೆ ಅಗಲವಾಯಿತು, ತುಟಿ ದಪ್ಪವಾಯಿತು. ಕೊನೆಗೆ ಒಂದು ಸಂಜೆ ಕಿಟಕಿಯ ಬೆಳಕಿಗೆ ಇಟ್ಟು ನೋಡಿದಾಗ ರುಫೀನಾಳಿಗೆ ತನ್ನ ತಾಯಿ ಎದುರಿಗೆ ಬಂದು ಕುಳಿತಂತಾಯಿತು. ಬೆಳಗ್ಗೆ ಎಣ್ಣೆ ಬೆರಳು ಹಿಡಿದು ಕೂರುತ್ತಿದ್ದ ತಾಯಿ. ಜೀವನವಿಡೀ ಪೀಠದ ಮೇಲಿನ ಮುಖಗಳನ್ನು ಮಾಡಿದವಳು ಅವಳು. ಅಲ್ಲಿ ತನ್ನವರ ಮುಖವೊಂದನ್ನು ಕಂಡದ್ದು ಅದೇ ಮೊದಲು. ಆ ಮುಖವನ್ನು ಮತ್ತೆ ಮುಚ್ಚುವುದು ತನ್ನ ಕೈಯಿಂದ ಆಗದ ಕೆಲಸ ಎಂದು ಆಗಲೇ ಅವಳಿಗೆ ತಿಳಿಯಿತು.

ಊರಲ್ಲಿ ಸುದ್ದಿ ಹರಡಲು ತಡವಾಗಲಿಲ್ಲ. ಮೀನು ಮಾರುವ ಮಾರ್ತಿನಾ ಬುಟ್ಟಿ ಇಳಿಸುತ್ತಲೇ ಶುರುಮಾಡಿದಳು. "ಪಿನಾ, ತಾಯಿ ಮೂಗು ಕಿತ್ತುಹಾಕಿದ್ಯಂತೆ?"

"ನಿನ್ನ ಮೀನು ಹಳೇದಂತೆ?"

"ಯಾರಂದಿದ್ದು!"

"ನಿಂಗೆ ಯಾರಂದ್ರೋ ಅವ್ರೇ."

ಪಾದ್ರಿ ನೋಯೆ ಅವರ ಹತ್ತಿರ ಹೋಗಿ ರುಫೀನಾ ಎಲ್ಲವನ್ನೂ ಹೇಳಿದಳು. ಅವರು ಬಂದು ಮುಖವನ್ನು ಎಲ್ಲ ಕಡೆಯಿಂದ ನೋಡಿದರು. "ಆಲಿಂಗ್ ಪಿನಾ, ನಂಗೆ ಈ ಮುಖಾನೇ ಇಷ್ಟ. ಆದ್ರೆ ವಿಗ್ರಹ ಅವರ ಮನೇದು. ನಾನು ಮಧ್ಯ ಬಂದ್ರೆ ನೀವಿಬ್ರೂ ಸೇರಿ ನನ್ನ ಮೂಗು ಕುಯ್ತೀರಿ. ದೋನ್ಯಾಗೆ ನೀವೇ ಹೇಳಿ, ಮುಚ್ಚಿಡಬೇಡಿ," ಎಂದರು.

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಸೋಮವಾರ ಅವಳು ಹೇಳಿದಳು. ಬೆನಾವಿದೆಸ್ ಮನೆಯ ಪಡಸಾಲೆಯಲ್ಲಿ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ನೆಟ್ಟಗಿನ ಮೂಗಿನ ಹಿರಿಯರ ಚಿತ್ರಗಳ ಕೆಳಗೆ ನಿಂತುಕೊಂಡೇ ಹೇಳಿದಳು. ದೋನ್ಯಾ ಕೂರಲು ಹೇಳಲಿಲ್ಲ.

"ಸುಳ್ಳು," ಎಂದರು ದೋನ್ಯಾ. "ನೀನು ಮುರಿದು ಈಗ ಕಥೆ ಕಟ್ತಿದೀಯ."

"ಮರ ಬಾತಿಕುಲಿಂಗ್ ದೋನ್ಯಾ. ಮೂಸಿ ನೋಡಿ ಬೇಕಾದ್ರೆ."

"ಮರ ಮೂಸೋಕೆ ನಾನೇನು ನಾಯಿನಾ? ಇನ್ನೂರು ವರ್ಷದಿಂದ ಜನ ಕೈ ಮುಗಿದಿರೋದು ಆ ಮೂಗಿಗೆ. ಶನಿವಾರದೊಳಗೆ ಅದು ಇದ್ದ ಜಾಗದಲ್ಲಿ ಇರ್ಬೇಕು. ಇಲ್ಲಾಂದ್ರೆ ಸುತ್ತಲಿನ ಏಳು ಊರಲ್ಲಿ ಒಂದು ಚರ್ಚಿನ ಕೆಲಸಾನೂ ನಿನ್ನ ಮನೆಗೆ ಬರದ ಹಾಗೆ ಮಾಡ್ತೀನಿ. ಸಾಯೋವರೆಗೂ ಮರದ ಚಪ್ಪಲಿ ಕೆತ್ಕೊಂಡಿರು!"

ದೋನ್ಯಾ ಹೇಳಿದರೆ ಹಾಗೇ ಮಾಡುವವರು. ಮನೆಗೆ ಬರುವ ದಾರಿಯುದ್ದಕ್ಕೂ ರುಫೀನಾಳಿಗೆ ಮರದ ಚಪ್ಪಲಿಯ ಟಕಟಕ ಸದ್ದೇ ಕಿವಿಯಲ್ಲಿತ್ತು. ಮಾರನೆಯ ದಿನ ಕುಳಿತು ಒಂದು ಮೂಗು ಕೆತ್ತಿದಳು. ಹಳೆಯದಕ್ಕಿಂತ ಸೊಗಸಾದದ್ದು, ನೇರ, ಚೂಪು, ಗಂಭೀರ. ತನ್ನ ಕೈಯಿಂದ ಅಂಥ ಮೂಗು ಹಿಂದೆಂದೂ ಬಂದಿರಲಿಲ್ಲ. ಮುಖದ ಮೇಲೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಕೂತದ್ದೇ ಆ ಮುಖ ಹೊರಟುಹೋಗಿ ಬೇರೆ ಯಾರೋ ಬಂದು ನೋಡತೊಡಗಿದರು. ತೆಗೆದಳು, ತಾಯಿ ಮರಳಿ ಬಂದಳು.

ಶನಿವಾರ ಮಧ್ಯಾಹ್ನ ಅವಳು ಎರಡು ಗಂಟು ಹಿಡಿದು ಬೆನಾವಿದೆಸ್ ಮನೆಗೆ ಹೋದಳು. ದೊಡ್ಡ ಗಂಟಿನಲ್ಲಿ ತಲೆ. ಸಣ್ಣ ಗಂಟಿನಲ್ಲಿ ಮೂಗು ಮತ್ತು ಒಂದು ಕರಟದಲ್ಲಿ ಅಂಟು.

"ನೀವು ಹೇಳಿದ್ದು ಮಾಡಿದೀನಿ ದೋನ್ಯಾ, ಮೂಗು ಇಲ್ಲಿದೆ. ಆದ್ರೆ ಅಂಟಿಸೋದು ನನ್ನ ಕೈಲಾಗಲ್ಲ. ಅದು ನನ್ನ ತಾಯಿ ಮುಖ ಮುಚ್ಚಿದ ಹಾಗಾಗತ್ತೆ. ಉಡಿಸೋ ಹಕ್ಕು ನಿಮ್ಮದು. ಬೇಕಾದ್ರೆ ನೀವೇ ಅಂಟಿಸಿ. ಐದು ನಿಮಿಷ ಒತ್ತಿ ಹಿಡಿದ್ರೆ ಸಾಕು."

ದೋನ್ಯಾ ಎರಡೂ ಗಂಟು ಕಿತ್ತುಕೊಂಡರು. ಮಾತೆಗೆ ಉಡಿಸುವಾಗ ಬೇರೆ ಯಾರೂ ಇರುವಂತಿಲ್ಲ. ಕೋಣೆಯ ಬಾಗಿಲು ಮುಚ್ಚಿತು.

ರುಫೀನಾ ಅಂಗಳದ ಕಲ್ಲಿನ ಮೇಲೆ ಕುಳಿತಳು. ಅರ್ಧ ಗಂಟೆಯ ಕೆಲಸ ಅದು. ಒಂದು ಗಂಟೆಯಾಯಿತು. ಕೆಲಸದವಳು ಶುಂಠಿ ಕಷಾಯ ತಂದುಕೊಟ್ಟಳು, ಅದು ತಣ್ಣಗಾಯಿತು. ಬಾಗಿಲು ತೆರೆದಾಗ ಬಿಸಿಲು ಗೋಡೆ ಏರಿತ್ತು. ಮಾತೆ ನೀಲಿ ರೇಷ್ಮೆಯುಟ್ಟು ನಿಂತಿದ್ದಳು. ತಲೆಯಿಂದ ಸೊಂಟದವರೆಗೆ ದುಃಖದ ಕಪ್ಪು ಮುಸುಕು. ದೋನ್ಯಾ ರುಫೀನಾಳತ್ತ ನೋಡದೆ ಒಳಗೆ ನಡೆದುಬಿಟ್ಟರು. ಅವರ ಬೆರಳ ತುದಿಯಲ್ಲಿ ಅಂಟು ಒಣಗಿ ಬೆಳ್ಳಗಾಗಿದ್ದದ್ದು ರುಫೀನಾಳ ಕಣ್ಣಿಗೆ ಬಿತ್ತು.

"ಅಂಟಿಸಿಬಿಟ್ರು," ಎಂದಳು ಮನೆಗೆ ಬಂದು.

"ಚಪ್ಪಲಿ ತಪ್ಪಿತಲ್ಲ," ಎಂದ ನಿಕಾನೋರ್. ಆಮೇಲೆ ಅವಳ ಮುಖ ನೋಡಿ, ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದ.

ಈಸ್ಟರ್ ದಿನ ಕೋಳಿ ಕೂಗುವ ಹೊತ್ತಿಗೆ ಊರೆಲ್ಲ ಚೌಕದಲ್ಲಿತ್ತು. ಒಂದು ಬೀದಿಯಿಂದ ಗಂಡಸರು ಸಾವಿನಿಂದ ಎದ್ದುಬಂದ ಕ್ರಿಸ್ತನ ವಿಗ್ರಹವನ್ನು ಹೊತ್ತು ತಂದರು. ಇನ್ನೊಂದು ಬೀದಿಯಿಂದ ಹೆಂಗಸರು ಮುಸುಕು ಹೊದ್ದ ತಾಯಿಯ ಪಲ್ಲಕ್ಕಿಯ ಹಿಂದೆ ಮೇಣದಬತ್ತಿ ಹಿಡಿದು ಬಂದರು. ಬಿದಿರಿನ ಕಮಾನಿನ ಕೆಳಗೆ ತಾಯಿ ಮಗ ಎದುರುಬದುರಾದರು. ತಾಯಿಯ ಮುಸುಕು ಎತ್ತಲೆಂದು, ರೆಕ್ಕೆ ಕಟ್ಟಿಕೊಂಡು ದೇವದೂತೆಯಾದ ಪುಟ್ಟ ಹುಡುಗಿಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿದರು. ಮುಸುಕು ಎಲ್ಲಿಯೂ ಸಿಕ್ಕಿಕೊಳ್ಳದೆ ಎದ್ದರೆ ಊರಿಗೆ ಒಳ್ಳೆಯ ವರ್ಷ ಎಂಬ ನಂಬಿಕೆ. ಹಾಗಾಗಿ ಎಲ್ಲರ ಕಣ್ಣೂ ಆ ಕಪ್ಪು ಬಟ್ಟೆಯ ಮೇಲೆ. ರುಫೀನಾ ಮಾತ್ರ ಗುಂಪಿನ ನಡುವೆ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

ಮುಸುಕು ಎದ್ದಿತು. ಚಪ್ಪಾಳೆ ಬರಬೇಕಿತ್ತು, ಬರಲಿಲ್ಲ. ಬ್ಯಾಂಡಿನವರು ತುತ್ತೂರಿ ಬಾಯಿಗಿಟ್ಟುಕೊಂಡು ಊದುವುದನ್ನೇ ಮರೆತು ನಿಂತರು. ಆ ಮೌನಕ್ಕೆ ಬೆದರಿ ಅವಳು ತಲೆ ಎತ್ತಿದಳು.

ಬೆಟ್ಟದ ಹಿಂದಿನಿಂದ ಆಗತಾನೆ ಬಂದ ಬೆಳಕು ಕಂದು ಕೆನ್ನೆಯ ಮೇಲೆ ಬಿದ್ದಿತ್ತು. ಅಗಲ ಗಲ್ಲ, ದಪ್ಪ ತುಟಿ. ನಡುವೆ ಗಿಡ್ಡಗೆ, ದುಂಡಗೆ, ಹೊಳೆಯುವ ಮೂಗು.

"ಅಯ್ಯೋ!" ಎಂದು ಕೂಗಿದಳು ಮಾರ್ತಿನಾ. ಸರೋವರದ ಆಚೆ ದಡಕ್ಕೂ ಮೀನು ಮಾರುವ ಗಂಟಲು ಅದು. "ಅಯ್ಯೋ, ನಮ್ಮವಳು ಕಣ್ರೇ! ನಮ್ಮ ಕೇರಿಯವಳು!"

ಯಾರೋ ನಕ್ಕರು. ಯಾರೋ ಅತ್ತರು. ಮುದುಕಿಯೊಬ್ಬಳು, "ನಮ್ಮಕ್ಕ ಹಿಂಗೇ ಇದ್ಲು," ಎಂದರೆ ಪಕ್ಕದವಳು, "ನಿಮ್ಮಕ್ಕ ಎಲ್ಲಿ, ನಮ್ಮತ್ತೆ ಥರ ಅಲ್ವಾ," ಎಂದು ಜಗಳಕ್ಕೇ ಬಂದಳು. ಅಷ್ಟರಲ್ಲಿ "ವಿವಾ!" ಎಂಬ ಜಯಕಾರದ ಕೂಗೆದ್ದಿತು. ಚರ್ಚಿನ ಗಂಟೆ ಮೊಳಗಿತು. ಬ್ಯಾಂಡಿನವರು ತಡವಾದದ್ದಕ್ಕೆ ಎಂಬಂತೆ ದುಪ್ಪಟ್ಟು ಜೋರಾಗಿ ಊದಿದರು. ಚೌಕದ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿದವು. ಜನ ಮುಂದೆ ನುಗ್ಗಿದರು. ಹೆಂಗಸರು ಕರವಸ್ತ್ರದಿಂದ ಮಾತೆಯ ಮೂಗನ್ನು ಮುಟ್ಟಿ ತಮ್ಮ ಮೂಗಿಗೆ ಒತ್ತಿಕೊಳ್ಳತೊಡಗಿದರು.

ರುಫೀನಾ ಗುಂಪನ್ನು ಸೀಳಿಕೊಂಡು ಪಲ್ಲಕ್ಕಿಯ ಹತ್ತಿರ ಹೋದಳು. ಅಲ್ಲಿ ದೋನ್ಯಾ ಕೊನ್ಸಿಂಗ್ ನಿಂತಿದ್ದರು. ಆವತ್ತು ಮುಖವನ್ನು ವಾರೆ ಮಾಡಿರಲಿಲ್ಲ. ಪೌಡರ್ ಇರಲಿಲ್ಲ. ಮೂಗಿನ ಬುಡದಲ್ಲಿ ಎರಡೂ ಕಡೆ ಹಳೆಯ ಗುಳಿ ಎದ್ದು ಕಾಣುತ್ತಿತ್ತು.

"ಅಂಟು ಹಚ್ಚಿದ್ದೆ ಪಿನಾ," ಎಂದರು. "ಹಚ್ಚಿ, ಮೂಗು ಹಿಡಿದು ಹತ್ತಿರ ತಂದೆ. ನಮ್ಮಜ್ಜಿ ನೋಡ್ತಾ ಇದ್ರು."

"ಪಡಸಾಲೆ ಚಿತ್ರದಲ್ಲಿರೋ ಅಜ್ಜಿನಾ ದೋನ್ಯಾ?"

"ಅಲ್ಲ. ಅಪ್ಪನ ತಾಯಿ. ಬೆಟ್ಟದ ಕಡೆಯವರು. ಅವರ ಚಿತ್ರಾನೇ ತೆಗೆಸ್ಲಿಲ್ಲ, ಗೋಡೆಗೆ ಒಪ್ಪಲ್ಲ ಅಂತ." ಬೆರಳಿನಿಂದ ತಮ್ಮ ಮೂಗಿನ ಗುಳಿ ಮುಟ್ಟಿಕೊಂಡರು. "ಇದೇನು ಗೊತ್ತಾ? ಏಳು ವರ್ಷದವಳಿದ್ದಾಗಿಂದ ದಿನಾ ಮಧ್ಯಾಹ್ನ ಬಟ್ಟೆ ಒಣಗಿಸೋ ಕ್ಲಿಪ್ಪು ಹಾಕಿ ಮಲಗಿಸ್ತಿದ್ರು ನಮ್ಮಮ್ಮ. ಬಾಯಲ್ಲಿ ಉಸಿರಾಡ್ತಾ ಮಲಗ್ತಿದ್ದೆ. ಅಜ್ಜಿ ಕದ್ದು ಬಂದು ತೆಗೆಯೋರು."

"ನಮ್ಮಮ್ಮ ಎಣ್ಣೆ ಹಚ್ಚಿ ಎಳೀತಿದ್ರು," ಎಂದಳು ರುಫೀನಾ.

"ನೀನೇ ವಾಸಿ. ಎಣ್ಣೆನಾದ್ರೂ ಹಚ್ಚಿದ್ರು," ಎಂದ ದೋನ್ಯಾ ನಕ್ಕುಬಿಟ್ಟರು. ನಗುತ್ತ ಪಲ್ಲಕ್ಕಿಯ ಎರಡು ರೇಷ್ಮೆ ಪಟ್ಟಿಗಳಲ್ಲಿ ಒಂದನ್ನು ಅವಳ ಕೈಗಿತ್ತರು. ಆ ಪಟ್ಟಿ ಹಿಡಿದು ನಡೆಯುವುದು ಆರು ತಲೆಮಾರಿನಿಂದ ಬೆನಾವಿದೆಸ್ ಮನೆಯ ಹೆಂಗಸರಿಗೆ ಮೀಸಲು. "ಹಿಡ್ಕೋ. ನೆಟ್ಟಗೆ ನಡಿ. ಊರು ನೋಡ್ತಿದೆ."

ಊರು ನೋಡುತ್ತಿತ್ತು. ಮೆರವಣಿಗೆ ಮಾಮೂಲಿನ ಮೂರು ಬೀದಿ ಬಿಟ್ಟು, ಹಿಂದೆಂದೂ ಕಾಲಿಡದ ಮೀನುಗಾರರ ಕೇರಿಯೊಳಗೂ ಹೋಗಿ ಬಂತು. ಮಾರ್ತಿನಾ ಬುಟ್ಟಿಯಲ್ಲಿದ್ದ ಹೂವೆಲ್ಲ ಎರಚಿದಳು. ಅದರ ಜೊತೆ ಒಂದೆರಡು ಸಣ್ಣ ಮೀನೂ ಬಿದ್ದವು.

ಅಂಟದೆ ಉಳಿದ ಮೂಗನ್ನು ದೋನ್ಯಾ ಹಿಂದಿರುಗಿಸಿದರು. ನಿಕಾನೋರ್ ಅದನ್ನು ಜಗಲಿಯ ಕಂಬಕ್ಕೆ ಹೊಡೆದು, ತನ್ನ ಹುಲ್ಲಿನ ಟೋಪಿ ತೂಗುಹಾಕಲು ಇಟ್ಟುಕೊಂಡ. "ಊರಲ್ಲೇ ಗಟ್ಟಿ ಮೂಗು," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಆ ವಾರವೇ ಬೆಟ್ಟದ ಹಳ್ಳಿಯ ರೈತನೊಬ್ಬ ಗದ್ದೆಯ ಸಂತ ಇಸಿದ್ರೊನನ್ನು ಮಾಡಿಕೊಡಿ ಎಂದು ಬಂದ. ರುಫೀನಾ ಮರದ ತುಂಡು ಮುಂದಿಟ್ಟುಕೊಂಡು, ಸೀಸದಕಡ್ಡಿ ಹಿಡಿದು, ಮೂವತ್ತೈದು ವರ್ಷದಲ್ಲಿ ಯಾರನ್ನೂ ಕೇಳಿರದ ಮಾತು ಕೇಳಿದಳು.

"ಮೂಗು ಎಂಥದಿರ್ಲಿ?"

ರೈತನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಬಿಸಿಲಿಗೆ ಕಪ್ಪಾದ ಅಂಗೈಯಿಂದ ತನ್ನ ಮೂಗಿನ ಬೆವರು ಒರೆಸಿಕೊಂಡ. "ಗದ್ದೇಲಿ ಕೆಲಸ ಮಾಡೋ ಸಂತ ಅಲ್ವಾ ಆಲಿಂಗ್? ನಮ್ಮಂಗೇ ಇರ್ಲಿ."

ರುಫೀನಾ ಅವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ನೋಡಿ, ಅಪ್ಪ ಮೂಗಿಗೆಂದು ಬಿಡು ಎನ್ನುತ್ತಿದ್ದಷ್ಟು ಮರ ಬಿಡದೆ, ಗಿಡ್ಡ ಮೂಗಿಗೆ ಸಾಲುವಷ್ಟೇ ಬಿಟ್ಟು ಗೆರೆ ಎಳೆದಳು. ಉಳಿಯನ್ನು ಸಾಣೆಗೆ ಕೊಟ್ಟಳು.